ಮನೆ ಮಾರೋ ಮೊದಲು ಬೀರು ತೆಗೆದು ನೋಡಿ

ಅಪ್ಪ ಕಟ್ಟಿಸಿದ ಮನೆ ಮಾರೋಣ ಅಂತ ತೀರ್ಮಾನವಾದ ತಕ್ಷಣ ಎಲ್ಲರೂ ಮೊದಲು ಫೋನ್ ಮಾಡೋದು ಪೇಂಟರ್‌ಗೆ. ಬಣ್ಣ ಬೇಡ ಅಂತಲ್ಲ. ಆದರೆ ಬೆಂಗಳೂರಿನಲ್ಲಿ ಮಾತುಕತೆ ಮುರಿದುಬೀಳೋದು ಹೆಚ್ಚಾಗಿ ಗೋಡೆಯಿಂದಲ್ಲ, ಕಾಗದಪತ್ರದಿಂದ. ಕೊಳ್ಳುವವರಿಗೆ ಮನೆ ಇಷ್ಟವಾದರೆ ಸಾಲದು, ಅವರಿಗೆ ಸಾಲ ಕೊಡೋ ಬ್ಯಾಂಕಿನ ವಕೀಲರೂ ಒಪ್ಪಬೇಕು.

ಆದ್ದರಿಂದ ಬೀರುವಿನಿಂದ ಶುರು ಮಾಡಿ. ಕ್ರಯಪತ್ರ, ಅದಕ್ಕೂ ಹಿಂದಿನ ಮೂಲ ಪತ್ರಗಳು, ಮಂಜೂರಾದ ನಕ್ಷೆ, ತೆರಿಗೆ ರಸೀದಿ ಎಲ್ಲ ಒಂದು ಕಡೆ ಬರಲಿ. ಋಣಭಾರ ಪತ್ರ, ಅಂದ್ರೆ ಇಸಿ, ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತೆ. ಅದನ್ನ ಫೈಲಿಗೆ ಸೇರಿಸೋ ಮೊದಲು ಕೂತು ಓದಿ. ಎಂದೋ ತೀರಿಸಿದ ಸಾಲದ ಅಡಮಾನ ಅದರಲ್ಲಿ ಇನ್ನೂ ಹಾಗೇ ಇರಬಹುದು. ಬ್ಯಾಂಕು ಪತ್ರ ವಾಪಸ್ ಕೊಟ್ಟಿದೆ ಅಂದ ಮಾತ್ರಕ್ಕೆ ನೋಂದಣಿ ದಾಖಲೆಯಲ್ಲಿ ಅದು ತಾನಾಗೇ ಅಳಿಸಿಹೋಗಲ್ಲ. 2024ರಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯ. ಅದರಲ್ಲಿ ಹೆಸರಿನ ಕಾಗುಣಿತ ಕ್ರಯಪತ್ರದಲ್ಲಿ ಇದ್ದಂತೆಯೇ ಇದೆಯಾ, ನೋಡ್ಕೊಳ್ಳಿ.

ನಿಜವಾದ ಕಷ್ಟ, ಅಪ್ಪ ತೀರಿಹೋಗಿ ಖಾತಾ ಮಾತ್ರ ಅವರ ಹೆಸರಲ್ಲೇ ಉಳಿದಿದ್ದಾಗ. ಅಪ್ಪನ ಸ್ವಯಾರ್ಜಿತ ಮನೆ, ವಿಲ್ ಇಲ್ಲ ಅಂದ್ರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅಪ್ಪನ ತಾಯಿ ಬದುಕಿದ್ದರೆ ಅಜ್ಜಿಗೂ ಒಂದು ಪಾಲು. ‘ಅಕ್ಕನ ಮದುವೆಗೆ ಅಷ್ಟು ಖರ್ಚು ಮಾಡಿದ್ದೀವಲ್ಲ’ ಅನ್ನೋ ಲೆಕ್ಕ ಸಬ್ ರಿಜಿಸ್ಟ್ರಾರ್ ಮುಂದೆ ನಡೆಯಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಖಾತಾ ವರ್ಗಾವಣೆ ಎಲ್ಲಕ್ಕೂ ಓಡಾಟ ಇದೆ. ಅಕ್ಕ ವಿದೇಶದಲ್ಲಿದ್ದರೆ ಪವರ್ ಆಫ್ ಅಟಾರ್ನಿ ಬೇಕು. ಅವಳ ಪಾಲಿನ ಟಿಡಿಎಸ್ ಕೂಡ ನಿಮ್ಮ ಹಾಗೆ 1% ಅಲ್ಲ, ತುಂಬಾ ಜಾಸ್ತಿ. ಅಡ್ವಾನ್ಸ್ ತಗೊಂಡ ಮೇಲೆ ಅಕ್ಕನಿಗೆ ಫೋನ್ ಮಾಡಿ ‘ಸಹಿ ಹಾಕು’ ಅಂದ್ರೆ ಅವಳಿಗೆ ಬೇಜಾರಾಗದೆ ಇರುತ್ತಾ? ಪೇಂಟರ್‌ಗಿಂತ ಮೊದಲು ಅವಳ ಹತ್ರ ಮಾತಾಡಿ.

ಇನ್ನು ರಿಪೇರಿ. ತಾರಸಿ, ಬಚ್ಚಲುಮನೆ ಸೋರಿಕೆ ಸರಿಮಾಡಿಸಿ, ಗೋಡೆ ಒಣಗಿದ ಮೇಲೆ ಬಣ್ಣ. ಲಕ್ಷಗಟ್ಟಲೆ ಸುರಿದು ಅಡುಗೆಮನೆ ಹೊಸದು ಮಾಡಿಸೋದು ನನ್ನ ಪ್ರಕಾರ ದಂಡ, ಬಂದವರು ಅದನ್ನ ಒಡೆದು ತಮಗೆ ಬೇಕಾದ್ದು ಹಾಕಿಸ್ಕೊಳ್ತಾರೆ. ಅಟ್ಟ ಮಾತ್ರ ಖಾಲಿ ಮಾಡಿ. ಆಗ ಅಮ್ಮ ಪಕ್ಕದಲ್ಲಿರಲಿ. ಯಾವ ಹಿತ್ತಾಳೆ ಪಾತ್ರೆ ಜೊತೆಗೆ ಬರುತ್ತೆ, ಯಾವುದು ಗುಜರಿಗೆ ಅನ್ನೋದನ್ನ ಅವರೇ ಹೇಳಲಿ. ಎಷ್ಟು ಹುಡುಕಿದರೂ ಸಿಗದ ಮನೆ ನಕ್ಷೆ ಯಾವ ಟ್ರಂಕಿನ ತಳದಲ್ಲಿದೆ ಅನ್ನೋದೂ ಬಹುಶಃ ಅವರಿಗೇ ಗೊತ್ತು.