ಮುಗ್ಗಲು ವಾಸನೆಗೆ ಊದುಬತ್ತಿ ಮದ್ದಲ್ಲ

ಮಳೆಗಾಲ ಬಂತೆಂದರೆ ಸಾಕು, ಕರೆಯದ ನೆಂಟನಂತೆ ಮುಗ್ಗಲು ವಾಸನೆ ಮನೆಯೊಳಗೆ ಬಂದು ಕೂತುಬಿಡುತ್ತದೆ. ಬೀರು ತೆರೆದರೆ ವಾಸನೆ, ಹಾಸಿಗೆ ಬಿಡಿಸಿದರೆ ವಾಸನೆ. ವರಮಹಾಲಕ್ಷ್ಮಿ ಹಬ್ಬಕ್ಕೆಂದು ರೇಷ್ಮೆ ಸೀರೆ ತೆಗೆದರೆ ಮಡಿಕೆಯಲ್ಲಿ ಬಿಳಿ ಚುಕ್ಕೆ. ಲೆದರ್ ಬ್ಯಾಗಿನ ಮೇಲೆ ಹಸಿರು ಪುಡಿ, ಬೆಡ್‌ರೂಮಿನ ಮೂಲೆಯಲ್ಲಿ ಕಪ್ಪು ಕಲೆ. ಕರಾವಳಿ, ಮಲೆನಾಡಿನ ಊರುಗಳಲ್ಲಂತೂ ಇದು ಮನೆಮನೆ ಕತೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ! ಬೆಂಗಳೂರಿನಲ್ಲಿ ಬಿಸಿಲು ಕಾಣದ ಫ್ಲ್ಯಾಟುಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ.

ಇಷ್ಟಾದರೆ ಮಾತು ಬರುವುದು ಯಾರ ಮೇಲೆ? ಮನೆಯಾಕೆಯ ಮೇಲೆಯೇ. "ಸ್ವಲ್ಪ ಕ್ಲೀನಾಗಿ ಇಟ್ಕೋಬಾರ್ದಾ?" ಅಂತ ಬಂದವರೆಲ್ಲ ಮೂಗು ಮುರಿಯುವವರೇ. ಆದರೆ ಒಂದು ವಿಷಯ ಗೊತ್ತಿರಲಿ. ಬೂಷ್ಟು ಬೆಳೆಯುವುದು ಕೊಳೆಯಿಂದಲ್ಲ, ನೀರಿನಿಂದ. ಅದರ ಬೀಜಕಣಗಳು ಎಲ್ಲರ ಮನೆಯ ಗಾಳಿಯಲ್ಲೂ ಇರುತ್ತವೆ. ಒದ್ದೆ ಜಾಗ ಸಿಕ್ಕರೆ ಒಂದೆರಡು ದಿನದಲ್ಲಿ ಬೇರು ಬಿಡುತ್ತವೆ. ಬಣ್ಣ, ಮರ, ಹತ್ತಿ, ಚರ್ಮ, ಕಾಗದ ಎಲ್ಲವೂ ಅದಕ್ಕೆ ಊಟವೇ. ನೀವು ದಿನಕ್ಕೆ ಎರಡು ಸಲ ನೆಲ ಒರೆಸಿದರೂ ಗೋಡೆಯಲ್ಲಿ ಪಸೆ ಇದ್ದರೆ ಅದು ಬಂದೇ ಬರುತ್ತದೆ.

ಊದುಬತ್ತಿ, ರೂಮ್ ಫ್ರೆಶ್‌ನರ್, ಸಾಂಬ್ರಾಣಿ ಹೊಗೆ ಇವೆಲ್ಲ ವಾಸನೆಯ ಮೇಲೆ ಇನ್ನೊಂದು ವಾಸನೆ ಹೊದಿಸುತ್ತವೆ ಅಷ್ಟೇ. ಕಲೆಯ ಮೇಲೆ ಬಣ್ಣ ಬಳಿದರೂ ಅದೇ ಕತೆ. ಆರು ತಿಂಗಳಲ್ಲಿ ಬಣ್ಣ ಹೊಪ್ಪಳೆ ಎದ್ದು ಕಲೆ ಮತ್ತೆ ಇಣುಕುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳು, ವಯಸ್ಸಾದವರು, ಉಬ್ಬಸ ಇರುವವರು ಇದ್ದರೆ ಇದು ಬರೀ ಅಂದಚೆಂದದ ಪ್ರಶ್ನೆಯೂ ಅಲ್ಲ. ಥಂಡಿ, ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ ಹೆಚ್ಚು, ಉಬ್ಬಸ ಉಲ್ಬಣಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಎಚ್ಚರಿಸಿದೆ. ಮಗು ರಾತ್ರಿ ಮಲಗಿದ ಮೇಲೆ ಮಾತ್ರ ಕೆಮ್ಮುತ್ತಿದೆಯೇ? ವೈದ್ಯರಿಗೆ ತೋರಿಸಿ. ಜೊತೆಗೆ ಮಂಚದ ಹಿಂದಿನ ಗೋಡೆಯನ್ನೂ ಒಮ್ಮೆ ನೋಡಿ.

ಮೊದಲು ನೀರಿನ ಜಾಡು ಹಿಡಿಯಿರಿ

ನೀರು ಹೊರಗಿನಿಂದ ಬರುತ್ತಿದೆಯೋ, ಮನೆಯೊಳಗಿನದೇ ಆವಿಯೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಸುಮಾರು ಒಂದು ಅಡಿ ಕತ್ತರಿಸಿ. ಗೋಡೆಯನ್ನು ಒಣ ಬಟ್ಟೆಯಿಂದ ಒರೆಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. 24 ಗಂಟೆ ಬಿಟ್ಟು ನೋಡಿ. ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಗೋಡೆಯಿಂದಲೇ ಜಿನುಗುತ್ತಿದೆ. ನಿಮ್ಮ ಕಡೆಯ ಮೈಯಲ್ಲಿ ಹನಿ ಕಂಡರೆ ಅದು ಕೋಣೆಯ ಗಾಳಿಯ ತೇವ.

ಗೋಡೆಯಿಂದ ಬರುತ್ತಿದ್ದರೆ ತಾರಸಿಯ ಬಿರುಕು, ಮಳೆನೀರಿನ ಪೈಪು, ಕಿಟಕಿಯ ಸಜ್ಜಾ, ಪಕ್ಕದ ಅಥವಾ ಮೇಲಿನ ಮನೆಯ ಬಾತ್‌ರೂಮ್ ನೋಡಬೇಕು. ಕರಾವಳಿಯಲ್ಲಿ ಮಳೆ ಗಾಳಿಯೊಂದಿಗೆ ಪಶ್ಚಿಮದಿಂದ ಬೀಸಿ ಹೊಡೆಯುವುದರಿಂದ ಆ ದಿಕ್ಕಿನ ಗೋಡೆಗೇ ಪೆಟ್ಟು ಜಾಸ್ತಿ.

ಒಳಗಿನ ತೇವವಾದರೆ ಮೊದಲು ಕೋಣೆಯೊಳಗೆ ಕಟ್ಟಿರುವ ಬಟ್ಟೆ ಹಗ್ಗದ ಕಡೆ ನೋಡಿ. ಒದ್ದೆ ಬಟ್ಟೆ ಒಣಗಿತು ಅಂದರೆ ಅದರಲ್ಲಿದ್ದ ನೀರೆಲ್ಲ ಎಲ್ಲಿಗೆ ಹೋಯಿತು? ನಿಮ್ಮ ಕೋಣೆಯ ಗಾಳಿಗೆ, ಅಲ್ಲಿಂದ ಗೋಡೆಗೆ, ಬೀರುವಿಗೆ! ಮಲಗುವ ಕೋಣೆ ಬಿಟ್ಟು ಸಿಟೌಟಿನಲ್ಲೋ ಬಾಲ್ಕನಿಯಲ್ಲೋ ಹಗ್ಗ ಕಟ್ಟಿ. ಬೇರೆ ದಾರಿಯೇ ಇಲ್ಲದಿದ್ದರೆ ಒಂದೇ ಕೋಣೆಯಲ್ಲಿ ಫ್ಯಾನ್ ಕೆಳಗೆ ಹರವಿ, ಬೇರೆ ಕೋಣೆಗಳ ಬಾಗಿಲು ಮುಚ್ಚಿ. ಸ್ನಾನವಾದ ಮೇಲೆ, ಅಡುಗೆ ಮಾಡುವಾಗ ಎಕ್ಸಾಸ್ಟ್ ಫ್ಯಾನ್ ಓಡಲಿ.

ಕಿಟಕಿ ಯಾವಾಗ ತೆರೆಯಬೇಕು?

"ಗಾಳಿಯಾಡಲಿ" ಎಂದು ಜಡಿಮಳೆಯಲ್ಲೂ ಇಡೀ ದಿನ ಕಿಟಕಿ ತೆರೆದಿಟ್ಟರೆ ಹೊರಗಿನ ತೇವವೇ ಒಳಗೆ ಬರುತ್ತದೆ. ಮಳೆ ಬಿಟ್ಟು ನಾಲ್ಕು ಎಳೆ ಬಿಸಿಲು ಬಿದ್ದ ಹೊತ್ತಿನಲ್ಲಿ ಎದುರುಬದುರು ಕಿಟಕಿ ತೆರೆದು, ಬೀರುವಿನ ಬಾಗಿಲನ್ನೂ ತೆರೆದಿಟ್ಟು ಫ್ಯಾನ್ ಹಾಕಿ. ಎಸಿ ಇದ್ದವರು ಮಳೆಗಾಲದಲ್ಲಿ 'ಡ್ರೈ' ಮೋಡ್ ಬಳಸಿ ನೋಡಿ. ಗಾಳಿಯ ತೇವಾಂಶ ಅಳೆಯುವ ಪುಟ್ಟ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ತೇವಾಂಶ ಶೇ 60ಕ್ಕಿಂತ ಕೆಳಗಿದ್ದರೆ ಬೂಷ್ಟಿನ ಕಾಟ ಕಡಿಮೆ. ಬೀರು, ಮಂಚ, ಸೋಫಾ ಗೋಡೆಗೆ ಅಂಟಿಕೊಂಡಿರದೆ ನಾಲ್ಕು ಬೆರಳಾದರೂ ದೂರವಿರಲಿ.

ಉಜ್ಜುವ ಕ್ರಮ

ಒಣ ಬೂಷ್ಟನ್ನು ಪೊರಕೆಯಿಂದ ಗುಡಿಸಬೇಡಿ. ಬೀಜಕಣ ಮನೆಯೆಲ್ಲ ಹಾರುತ್ತದೆ. ಕೊರೊನಾ ಕಾಲದ ಎನ್95 ಮಾಸ್ಕ್ ಉಳಿದಿದ್ದರೆ ಹಾಕಿಕೊಳ್ಳಿ, ಕೈಗೆ ಗ್ಲೌಸ್ ಇರಲಿ, ಮಕ್ಕಳನ್ನು ಆಚೆ ಕಳಿಸಿ. ಟೈಲ್ಸ್, ಗಾಜು, ಆಯಿಲ್ ಪೇಂಟ್ ಬಳಿದ ಗೋಡೆಗೆ ಸೋಪಿನ ನೀರು, ಒಂದು ಬ್ರಷ್ ಸಾಕು. ಉಜ್ಜಿ, ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಸತ್ತ ಬೂಷ್ಟಿನಿಂದಲೂ ಅಲರ್ಜಿ ಆಗುತ್ತದೆ. ಆದ್ದರಿಂದ ಔಷಧಿ ಸಿಂಪಡಿಸಿ ಸುಮ್ಮನಾದರೆ ಸಾಲದು, ಒರೆಸಿ ತೆಗೆಯಲೇಬೇಕು.

ಒಂದು ಮಾತು ಮಾತ್ರ ಮರೆಯಬೇಡಿ. ಬ್ಲೀಚ್ ಬಳಸುವುದಾದರೆ ಅದಕ್ಕೆ ಬಾತ್‌ರೂಮ್ ತೊಳೆಯುವ ಆಸಿಡ್, ಟಾಯ್ಲೆಟ್ ಕ್ಲೀನರ್, ವಿನೆಗರ್, ಅಮೋನಿಯಾ ಯಾವುದನ್ನೂ ಬೆರೆಸಬಾರದು. ಹಾಗೆ ಬೆರೆಸಿದರೆ ವಿಷಾನಿಲ ಹೊರಡುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಹತ್ತಿಯ ದಿಂಬು, ಹಾಸಿಗೆಯ ಒಳಗೇ ಬೂಷ್ಟು ಹೊಕ್ಕಿದ್ದರೆ ಉಳಿಸಿಕೊಳ್ಳುವ ಆಸೆ ಬೇಡ. ಮನಸ್ಸಿಗೆ ಕಷ್ಟ ನಿಜ, ಆದರೆ ಮುಖ ಇಟ್ಟು ಮಲಗುವ ವಸ್ತು ಅಲ್ಲವೇ?

ಸೀರೆಗೂ ಉಸಿರು ಬೇಕು

ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡಬೇಡಿ. ತೊಳೆದು ಒಣಗಿಸಿದ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಆಗಾಗ ತೆಗೆದು ನೆರಳಿನಲ್ಲಿ ಗಾಳಿಗೆ ಹರವಿ, ಮಡಿಕೆ ಬದಲಿಸಿ. ಬಿಳಿ ಚುಕ್ಕೆ ಕಂಡರೆ ಮನೆಯ ಹೊರಗೆ ಮೆತ್ತನೆಯ ಬ್ರಷ್‌ನಿಂದ ಉದುರಿಸಿ, ಹೋಗದಿದ್ದರೆ ಡ್ರೈಕ್ಲೀನಿಂಗ್‌ಗೆ ಕೊಡಿ. ಬೀರುವಿನ ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣವೋ, ಬಟ್ಟಲಲ್ಲಿ ಇದ್ದಿಲೋ ಇಟ್ಟರೆ ಅನುಕೂಲ. ಅರೆ ಒಣಗಿದ ಬಟ್ಟೆಯನ್ನು "ಇಷ್ಟೇ ತಾನೇ" ಎಂದು ಮಡಿಸಿಟ್ಟರೆ ಇಡೀ ಕಪಾಟು ವಾಸನೆ ಹಿಡಿಯುತ್ತದೆ. ಬೀರುವಿನೊಳಗೆ ಬಲ್ಬ್ ಉರಿಸಿಡುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಬಟ್ಟೆ ತಾಗಿದರೆ ಬೆಂಕಿ ಹತ್ತೀತು.

ನ್ಯಾಫ್ತಲೀನ್ ಗುಳಿಗೆ ಹುಳುಗಳಿಗೆ ಮಾತ್ರ, ಬೂಷ್ಟಿಗೆ ಅದು ಮದ್ದಲ್ಲ. ಹಸುಗೂಸಿಗೆ ಮೊದಲು ಹಳೆಯ ಬಟ್ಟೆ ತೊಡಿಸುವ ಪದ್ಧತಿ ನಮ್ಮಲ್ಲಿದೆಯಲ್ಲ, ಆ ಬಟ್ಟೆಯ ಗಂಟಿನಲ್ಲಿ ಈ ಗುಳಿಗೆ ಖಂಡಿತ ಬೇಡ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಇದರಿಂದ ಕೆಂಪು ರಕ್ತಕಣ ಒಡೆದು ತೀವ್ರ ಕಾಮಾಲೆ ಆಗಬಹುದು.

ರಿಪೇರಿಗೆ ಬೇಸಿಗೆಯೇ ಸರಿ

ಗೋಡೆ ಜಿನುಗುತ್ತಿದ್ದರೆ ಈಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ತಾರೀಕು ಬರೆದುಕೊಳ್ಳಿ. ಮಳೆ ನಿಂತ ಮೇಲೆ ಕಲೆ ಒಣಗಿ, ನೀರು ಎಲ್ಲಿಂದ ಬಂತೆಂದು ತೋರಿಸುವುದೇ ಕಷ್ಟವಾಗುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರಿಗೆ, ಫ್ಲ್ಯಾಟ್ ಆದರೆ ಅಸೋಸಿಯೇಷನ್‌ಗೆ ಫೋಟೊ ಸಮೇತ ಬರೆದು ಕೊಡಿ. ಬಾಯಿಮಾತು ಮರೆತುಹೋಗುತ್ತದೆ, ಕಾಗದ ಉಳಿಯುತ್ತದೆ. ತಾರಸಿ, ಗೋಡೆಯ ವಾಟರ್‌ಪ್ರೂಫಿಂಗ್ ಕೆಲಸ ಮಾರ್ಚ್‌ನಿಂದ ಮೇ ಒಳಗೆ ಮುಗಿಯಲಿ. ಬಣ್ಣ ಬಳಿಯುವುದು ಗೋಡೆ ಪೂರ್ತಿ ಒಣಗಿದ ಮೇಲೆಯೇ.

ಇನ್ನು ಮುಂದೆ ಯಾರಾದರೂ "ಮನೆ ಯಾಕೋ ವಾಸನೆ" ಎಂದರೆ ಮುಜುಗರ ಪಡಬೇಡಿ. "ನೀರು ಎಲ್ಲಿಂದ ಬರ್ತಿದೆ ಅಂತ ನೀವೂ ಸ್ವಲ್ಪ ನೋಡಿ" ಅಂತ ಮನೆಯವರನ್ನೂ ಏಣಿ ಹತ್ತಿಸಿ. ಮನೆ ಒಣಗಿಸುವುದು ನಿಮ್ಮೊಬ್ಬರ ಕೆಲಸವಲ್ಲ, ಆ ಗಾಳಿ ಉಸಿರಾಡುವವರೆಲ್ಲರ ಕೆಲಸ.