ಮಂಡಿಯೂರುವ ಕಾಲಿಗೂ ಆರೈಕೆ ಬೇಕು

ಭಾನುವಾರದ ಬಲಿಪೂಜೆಯಲ್ಲಿ ಪವಿತ್ರೀಕರಣದ ಗಳಿಗೆ ಸಮೀಪಿಸಿದಂತೆ, ದೇವಾಲಯದ ಹಿಂದಿನ ಸಾಲುಗಳಲ್ಲಿ ಕುಳಿತ ಹಿರಿಯರ ಮುಖದಲ್ಲಿ ಒಂದು ಬಗೆಯ ಸಂಕೋಚ ಮೂಡುವುದನ್ನು ನಾವು ಅನೇಕ ವರ್ಷಗಳಿಂದ ಗಮನಿಸುತ್ತ ಬಂದಿದ್ದೇವೆ. ಉಳಿದವರೆಲ್ಲ ಮಂಡಿಯೂರುತ್ತಾರೆ, ಇವರಿಗೆ ಆಗದು. ಕೆಲವರು ಮುಂದಿನ ಬೆಂಚನ್ನು ಹಿಡಿದು, ಹಲ್ಲು ಕಚ್ಚಿ ಹೇಗೋ ಊರುತ್ತಾರೆ; ಏಳುವಾಗ ಪಕ್ಕದವರ ತೋಳು ಬೇಕಾಗುತ್ತದೆ. ಧರ್ಮಸಭೆ ಇಂತಹ ಹಟವನ್ನು ಯಾರಿಂದಲೂ ಕೇಳಿಲ್ಲ. ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಗಳ 43ನೆಯ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅನಾರೋಗ್ಯದಿಂದ ಮಂಡಿಯೂರಲಾಗದವರು, ಪವಿತ್ರೀಕರಣದ ನಂತರ ಗುರುಗಳು ಮಂಡಿ ಬಾಗಿಸಿ ವಂದಿಸುವಾಗ, ತಾವು ದೇಹ ಬಾಗಿಸಿ ನಮಿಸಿದರೆ ಸಾಕು.

ಆದರೆ ಈ ಸಂಕೋಚದ ಹಿಂದೆ ಇನ್ನೊಂದು ನಂಬಿಕೆಯಿದೆ. ಅದು ಹೆಚ್ಚು ಹಾನಿಕರ. ಮೊಣಕಾಲು ನೋವು ವಯಸ್ಸಿನ ಫಲ, ದೇವರು ಕೊಟ್ಟ ಶಿಲುಬೆ, ಆದ್ದರಿಂದ ಸುಮ್ಮನೆ ಕುಳಿತು ಸಹಿಸಬೇಕು ಎಂಬ ನಂಬಿಕೆ ಅದು. ಯಾತನೆಗೆ ಕ್ರಿಸ್ತನಲ್ಲಿ ಅರ್ಥವಿದೆಯೆಂದು ಜಗದ್ಗುರು ಎರಡನೆಯ ಜಾನ್ ಪೌಲರು 1984ರ ತಮ್ಮ ಪ್ರೇಷಿತ ಪತ್ರದಲ್ಲಿ ಬೋಧಿಸಿದ್ದು ನಿಜ. ಅದೇ ಪತ್ರ ಕೊನೆಯ ಭಾಗದಲ್ಲಿ ದಯಾಳು ಸಮಾರಿಯದವನ ಸಾಮತಿಗೆ ಬಂದು ನಿಲ್ಲುತ್ತದೆಂಬುದನ್ನು ನಾವು ಮರೆಯುತ್ತೇವೆ. ಆತ ಗಾಯಕ್ಕೆ ಎಣ್ಣೆ ಸುರಿದು ಕಟ್ಟು ಕಟ್ಟಿದ. ಸಂತ ಥಾಮಸ್ ಅಕ್ವಿನಾಸರ ದರ್ಶನದಲ್ಲಿ ಆತ್ಮವು ಹಡಗಿನಲ್ಲಿ ಕುಳಿತ ಅಂಬಿಗನಂತೆ ದೇಹದೊಳಗೆ ಕುಳಿತಿಲ್ಲ. ಅವೆರಡೂ ಸೇರಿಯೇ ಮನುಷ್ಯ. ದೇಹವನ್ನು ಕೆಡಲು ಬಿಟ್ಟು ಆತ್ಮವನ್ನು ಮಾತ್ರ ಪೋಷಿಸುತ್ತೇವೆನ್ನುವುದು ಆ ದರ್ಶನಕ್ಕೆ ಒಪ್ಪುವ ಮಾತಲ್ಲ. ಹದಿನೆಂಟು ವರ್ಷ ನಡುಬಾಗಿದ್ದ ಸ್ತ್ರೀಯನ್ನು ಯೇಸುಸ್ವಾಮಿ ಸಬ್ಬತ್ ದಿನದಂದೇ ನೆಟ್ಟಗೆ ನಿಲ್ಲಿಸಿದರೆಂದು ಲೂಕನ ಶುಭಸಂದೇಶ ಸಾರುತ್ತದೆ. ಇನ್ನೊಂದು ದಿನ ಕಾಯಲಿ ಎಂದವರು ಪ್ರಾರ್ಥನಾಮಂದಿರದ ಅಧಿಕಾರಿಗಳು, ಸ್ವಾಮಿಯಲ್ಲ.

ಇನ್ನು ಸುಮ್ಮನೆ ಕುಳಿತುಕೊಳ್ಳುವ ವಿಚಾರ. ಕೀಲಿನಲ್ಲಿ ಎಲುಬುಗಳ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದರ ಪೋಷಣೆ ಬಹುಮಟ್ಟಿಗೆ ಕೀಲಿನ ದ್ರವದಿಂದ. ಕಾಲು ಮಡಚಿ ಚಾಚಿದಾಗ, ಭಾರ ಬಿದ್ದು ಬಿಟ್ಟಾಗ, ಸ್ಪಂಜಿನೊಳಗೆ ನೀರು ಹೋಗಿ ಬರುವಂತೆ ಆ ದ್ರವ ಒಳಹೊರಗೆ ಚಲಿಸುತ್ತದೆ. ಅಲುಗದ ಕೀಲಿಗೆ ಉಪವಾಸವೇ ಗತಿ. ಮೇಲಾಗಿ, ಮೊಣಕಾಲಿನ ಭಾರವನ್ನು ಹಂಚಿಕೊಳ್ಳುವುದು ತೊಡೆಯ ಮುಂಭಾಗದ ಸ್ನಾಯು. ಕುಳಿತಷ್ಟೂ ಅದು ಕ್ಷೀಣಿಸುತ್ತದೆ, ಕ್ಷೀಣಿಸಿದಷ್ಟೂ ನೋವು ಹೆಚ್ಚುತ್ತದೆ, ನೋವು ಹೆಚ್ಚಿದಷ್ಟೂ ನಾವು ಕುಳಿತುಬಿಡುತ್ತೇವೆ.

ನಮ್ಮ ಸೀಮೆಯ ದುಡಿಮೆಯೂ ಕೀಲುಗಳಿಗೆ ಕರುಣೆ ತೋರುವಂಥದ್ದಲ್ಲ. ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಬೆನ್ನು ಬಾಗಿಸಿ, ದಿನವಿಡೀ ತುಳಿಯುವ ನೇಕಾರ. ಬಾದಾಮಿಯ ಹೊಲಗಳಲ್ಲಿ ಕುಕ್ಕರಗಾಲಿನಲ್ಲಿ ಕಳೆ ತೆಗೆಯುವ ತಾಯಂದಿರು. ಹುನಗುಂದ–ಇಳಕಲ್ಲ ಭಾಗದ ಗ್ರಾನೈಟ್ ಗಣಿಯ ಕೂಲಿಕಾರ. ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವ ಅಕ್ಕಂದಿರು. ಕೆಲಸ ಬಿಡಿರೆಂದು ಹೇಳಲು ನಮಗೆ ಬಾಯಿ ಬಾರದು. ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ ನಡೆಯಿರಿ, ಒಲೆಯನ್ನು ಕಟ್ಟೆಗೇರಿಸಿ ನಿಂತು ರೊಟ್ಟಿ ಮಾಡಿರಿ, ಇಷ್ಟನ್ನಾದರೂ ಹೇಳಬಹುದು.

ಎಲ್ಲ ಕೀಲುನೋವೂ ಒಂದೇ ಅಲ್ಲವೆಂಬುದನ್ನು ಮೊದಲು ತಿಳಿಯಬೇಕು. ಸವೆತದ ನೋವು ನಡೆದಾಗ, ಮೆಟ್ಟಿಲೇರಿದಾಗ ಹೆಚ್ಚಿ, ವಿಶ್ರಾಂತಿಯಲ್ಲಿ ತಗ್ಗುತ್ತದೆ. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳುಗಳು ಬಿಗಿದು, ಊದಿ, ಮುಕ್ಕಾಲು ಗಂಟೆ, ಒಂದು ಗಂಟೆಯಾದರೂ ಸಡಿಲಾಗದಿದ್ದರೆ ಅದು ರುಮಟಾಯ್ಡ್ ಸಂಧಿವಾತವಿರಬಹುದು. ಹೆಂಗಸರಲ್ಲಿ ಇದು ಹೆಚ್ಚು. ಇದಕ್ಕೆ ವ್ಯಾಯಾಮ, ಪಥ್ಯಗಳಷ್ಟೇ ಸಾಲವು. ಮೊದಲ ತಿಂಗಳುಗಳಲ್ಲೇ ಔಷಧ ಆರಂಭವಾದರೆ ಕೀಲುಗಳು ವಿಕಾರಗೊಳ್ಳುವುದನ್ನು ಬಹುಮಟ್ಟಿಗೆ ತಡೆಯಬಹುದು. ಇದಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ಮಾತ್ರ ನುಂಗುವಂಥದ್ದು. ನಿತ್ಯ ನುಂಗಿದರೆ ಪ್ರಾಣಾಪಾಯ. ಕಾಲಿನ ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಾಗಿ ಉರಿದರೆ ಗೌಟ್ ಎಂದು ಶಂಕಿಸಬೇಕು. 2006ರಲ್ಲಿ ಕರ್ನಾಟಕವನ್ನೇ ಬಾಗಿಸಿದ ಚಿಕುನ್‌ಗುನ್ಯಾ ಜ್ವರವನ್ನು ಓದುಗರು ಮರೆತಿರಲಾರರು. ಆ ಹೆಸರೇ ಆಫ್ರಿಕದ ಮಕೊಂಡೆ ಭಾಷೆಯಲ್ಲಿ ಬಾಗಿಸುವಂಥದ್ದು ಎಂಬ ಅರ್ಥದ್ದು. ಜ್ವರ ವಾರದಲ್ಲಿ ಇಳಿದರೂ ಕೀಲುನೋವು ಹಲವರನ್ನು ತಿಂಗಳುಗಟ್ಟಲೆ ಕಾಡಿತು.

ನಮ್ಮ ಭಾಗಕ್ಕೆ ಸಂಬಂಧಿಸಿದ ಇನ್ನೊಂದು ಕಾರಣ ನೀರು. ಗ್ರಾನೈಟ್ ಶಿಲೆಯ ನೆಲದಲ್ಲಿ ಆಳದ ಕೊಳವೆಬಾವಿಯ ನೀರಿಗೆ ಫ್ಲೋರೈಡ್ ಬೆರೆಯುತ್ತದೆ. ಹುನಗುಂದ, ಇಳಕಲ್ಲ ಭಾಗದಲ್ಲಿ ಇದು ತಿಳಿದ ಸಂಗತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟಬಹುದು. ಪ್ರಮಾಣ ಇನ್ನೂ ಹೆಚ್ಚಾದಲ್ಲಿ ಹಿರಿಯರ ಕುತ್ತಿಗೆ, ಬೆನ್ನು, ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಒಂದೇ ಓಣಿಯ ಹಲವು ಮನೆಗಳಲ್ಲಿ ನಡುವಯಸ್ಸಿನವರೇ ಬೆನ್ನು ಬಾಗಿಸಲಾರದೆ ನರಳುತ್ತಿದ್ದರೆ, ಎಣ್ಣೆ ತಿಕ್ಕುವ ಮೊದಲು ನೀರನ್ನು ಪರೀಕ್ಷೆಗೆ ಕಳುಹಿಸಬೇಕು.

ಸವೆತದ ನೋವಿಗೆ ವ್ಯಾಯಾಮವೇ ಮುಖ್ಯ ಚಿಕಿತ್ಸೆ. ಮಂಚದ ಮೇಲೆ ಕಾಲು ಚಾಚಿ, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತುತ್ತ ತೊಡೆಯನ್ನು ಬಿಗಿಹಿಡಿಯಬೇಕು. ಎಷ್ಟು ಹೊತ್ತು? ಒಂದು ‘ನಮೋ ಮರಿಯಾ’ ಹೇಳುವಷ್ಟು. ಜಪಸರದ ಒಂದು ರಹಸ್ಯ ಬಲಗಾಲಿಗೆ, ಇನ್ನೊಂದು ಎಡಗಾಲಿಗೆ. ಕೆಲವರಿಗೆ ಇದು ಭಕ್ತಿಗೆ ಕುಂದು ಎನಿಸಬಹುದು, ನಮಗೆ ಹಾಗೆನಿಸದು. ಬಾಯಿಬಿಟ್ಟು ಜಪಿಸುವಾಗ ಉಸಿರು ಬಿಗಿಹಿಡಿಯುವ ತಪ್ಪೂ ಆಗದು. ಮುಂದೆ, ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಎತ್ತುವುದು. ಕೈ ಊರದೆ ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವುದು. ಸಮತಟ್ಟಾದ ದಾರಿಯಲ್ಲಿ ನಡೆಯುವುದು. ವ್ಯಾಯಾಮದಲ್ಲಿ ಕೊಂಚ ನೋವಾದರೆ ಹೆದರಬೇಕಿಲ್ಲ. ಹೆಚ್ಚಿದ ನೋವು ಎರಡು ಗಂಟೆ ಕಳೆದರೂ ಇಳಿಯದಿದ್ದರೆ ಮರುದಿನ ಕಡಿಮೆ ಮಾಡಬೇಕು. ಕೋಲನ್ನು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ನಮ್ಮಲ್ಲಿ ಅನೇಕರು ಹಿಡಿಯುವುದು ನೋವಿನ ಬದಿಯಲ್ಲೇ.

ಆಹಾರದ ಬಗ್ಗೆ ಊರಿಗೊಂದು ಮಾತು. ಬೇಳೆ ವಾಯು, ಬದನೆ ನಂಜು, ಮೊಸರು ಶೀತ ಎಂದು ಒಂದೊಂದನ್ನೇ ಬಿಟ್ಟು ಕೊನೆಗೆ ಬರಿ ಅನ್ನ, ಚಹಾ ಉಳಿಯುತ್ತವೆ. ಸ್ನಾಯುವಿಗೆ ಬೇಕಾದ ಸತ್ವ ಎಲ್ಲಿಂದ ಬರಬೇಕು? ಜೋಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ, ಅಗಸಿ ಹಿಂಡಿ, ಮಜ್ಜಿಗೆ – ನಮ್ಮ ಹಳೆಯ ಊಟವೇ ಒಳ್ಳೆಯದು. ಮುಖ್ಯವಾದದ್ದು ತೂಕ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ತಗ್ಗುತ್ತದೆಂದು ಸಂಶೋಧಕರು ಅಳೆದಿದ್ದಾರೆ. ಗೌಟ್ ಇದ್ದವರು ಹಬ್ಬದ ಊಟದಲ್ಲಿ ಕಲೀಜ, ಮದ್ಯ ಎರಡನ್ನೂ ದೂರವಿಡಲಿ. ತಪಸ್ಸುಕಾಲದಲ್ಲಿ ಬರಿಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗುವ ಹಿರಿಯರಿಗೆ ಒಂದು ಮಾತು: ಧರ್ಮಸಭೆಯ ಕಾನೂನು 59 ತುಂಬಿದವರಿಗೆ ಉಪವಾಸ ವಿಧಿಸಿಲ್ಲ. ಆ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡಕ್ಕೂ ಕೇಡು. ಹೆಸರಿಲ್ಲದ ಪುಡಿ, ಒಂದೇ ದಿನದಲ್ಲಿ ನೋವು ಮಾಯವಾಗಿಸುವ ಸೂಜಿ – ಇವುಗಳಲ್ಲಿ ಸ್ಟೀರಾಯ್ಡ್ ಅಡಗಿರುವ ಸಂಭವವೇ ಹೆಚ್ಚು.

ಕೀಲು ಪೂರಾ ಸವೆದವರಿಗೆ ಶಸ್ತ್ರಚಿಕಿತ್ಸೆಯಿದೆ. ಕೃತಕ ಮೊಣಕಾಲಿನ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿದ ಮೇಲೆ ಮಧ್ಯಮವರ್ಗದವರೂ ಇದನ್ನು ಯೋಚಿಸುವಂತಾಗಿದೆ. ಎಲ್ಲರಿಗೂ ಅದೇ ದಾರಿಯೆಂದಲ್ಲ; ಜಗದ್ಗುರು ಫ್ರಾನ್ಸಿಸರು ಮೊಣಕಾಲಿನ ಶಸ್ತ್ರಚಿಕಿತ್ಸೆ ಬೇಡವೆಂದು 2022ರಿಂದ ಗಾಲಿಕುರ್ಚಿಯನ್ನು ಬಳಸಿದರು, ಅದೇ ವರ್ಷ ಅದರಲ್ಲೇ ಕೆನಡಾ ದೇಶಕ್ಕೂ ಹೋಗಿಬಂದರು. ಮಾಡಿಸಿಕೊಂಡವರನ್ನು ವೈದ್ಯರು ಅಂದೇ ಅಥವಾ ಮರುದಿನ ನಿಲ್ಲಿಸಿ ನಡೆಸುತ್ತಾರೆ. ಕೆಲಸ ಕೆಡುವುದು ಮನೆಗೆ ಬಂದ ಮೇಲೆ. ಸೊಸೆ ನೀರು ತಂದುಕೊಡುತ್ತಾಳೆ, ಮೊಮ್ಮಗ ಚಪ್ಪಲಿ ತೊಡಿಸುತ್ತಾನೆ, ನೋಡಲು ಬಂದವರೆಲ್ಲ ‘ಏಳಬ್ಯಾಡ್ರಿ, ಮಲಗ್ರಿ’ ಎನ್ನುತ್ತಾರೆ. ಹೊಸ ಮೊಣಕಾಲು ಅರ್ಧ ಮಡಚಿದಲ್ಲೇ ಬಿಗಿದು ನಿಲ್ಲುತ್ತದೆ. ಮೊದಲ ಆರು ವಾರ ಫಿಜಿಯೋಥೆರಪಿ ತಜ್ಞರು ಹೇಳಿಕೊಟ್ಟ ವ್ಯಾಯಾಮ ಒಂದು ದಿನವೂ ತಪ್ಪಬಾರದು. ಸುಂದರ ದ್ವಾರದ ಬಳಿ ಕುಳಿತಿದ್ದ ಕುಂಟನನ್ನು ಪೇತ್ರನು ಬಲಗೈ ಹಿಡಿದು ಎಬ್ಬಿಸಿದ, ಹೊತ್ತುಕೊಂಡು ಹೋಗಲಿಲ್ಲ. ಅಜ್ಜಿಯನ್ನು ನೋಡಲು ಹೋಗುವವರು ಮುಂದಿನ ಭಾನುವಾರ ಅವರೊಡನೆ ಅಂಗಳದಲ್ಲಿ ನಾಲ್ಕು ಸುತ್ತು ನಡೆದು ಬರಲಿ.