ಕುಸುಬಿ ಎಣ್ಣೆಯ ರಸಾಯನ: ವಂಶವಾಹಿಯ ಪಾಲೆಷ್ಟು, ಹವೆಯ ಪಾಲೆಷ್ಟು?

ಗದಗ ಜಿಲ್ಲೆ ರೋಣ ತಾಲ್ಲೂಕಿನ ಬೆಳವಣಕಿಯ ಸುತ್ತಮುತ್ತ ಎರೆಭೂಮಿಯೇ ಹೆಚ್ಚು. ಈ ಸೀಮೆಯಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆಗಳ ಜೊತೆಗೆ ಕುಸುಬಿ, ಸೂರ್ಯಕಾಂತಿಗಳನ್ನೂ ಬೆಳೆಯುವುದುಂಟು. ಈ ಕಾಳುಗಳ ಎಣ್ಣೆಯ ಗುಣವನ್ನು ನಿರ್ಧರಿಸುವುದು ಬಿತ್ತಿದ ತಳಿಯೋ, ಬೆಳೆದ ಹವೆಯೋ? ಉತ್ತರಿಸುವ ಮೊದಲು ಒಂದು ಸರಳ ಪ್ರಯೋಗ ಮಾಡಿ ನೋಡಿ.

ಅಗಸಿ ಎಣ್ಣೆ, ಗಾಣದ ಕುಸುಬಿ ಎಣ್ಣೆ ಮತ್ತು ಶೇಂಗಾ ಎಣ್ಣೆಗಳನ್ನು ಮೂರು ಗಾಜಿನ ಪಟ್ಟಿಗಳ ಮೇಲೆ ತೆಳ್ಳಗೆ ಸವರಿ ಗಾಳಿ, ಬೆಳಕು ತಾಗುವಲ್ಲಿ ಇಡಿ. ಕೆಲವು ದಿನಗಳಲ್ಲಿ ಅಗಸಿ ಎಣ್ಣೆ ಒಣಗಿ ಪೊರೆಯಾಗುತ್ತದೆ. ಕುಸುಬಿ ಎಣ್ಣೆ ಇನ್ನೂ ನಿಧಾನವಾಗಿ ಅಂಟಂಟಾಗುತ್ತದೆ. ಶೇಂಗಾ ಎಣ್ಣೆ ಜಿಡ್ಡಾಗಿಯೇ ಉಳಿಯುತ್ತದೆ. ಏಕೆ?

ಎಣ್ಣೆಯ ಅಣುವಿನಲ್ಲಿ ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ನಮ್ಮ ಎಣ್ಣೆಕಾಳುಗಳಲ್ಲಿ ಮುಖ್ಯವಾದವು 18 ಕಾರ್ಬನ್ ಪರಮಾಣುಗಳ ಸರಪಣಿಗಳು. ಸ್ಟಿಯರಿಕ್ ಆಮ್ಲದಲ್ಲಿ ದ್ವಿಬಂಧವಿಲ್ಲ. ಒಲಿಯಿಕ್ ಆಮ್ಲದಲ್ಲಿ ಒಂದು, ಲಿನೋಲಿಯಿಕ್ ಆಮ್ಲದಲ್ಲಿ ಎರಡು, ಲಿನೋಲೆನಿಕ್ ಆಮ್ಲದಲ್ಲಿ ಮೂರು ದ್ವಿಬಂಧಗಳಿವೆ. ದ್ವಿಬಂಧವಿರುವಲ್ಲಿ ಸರಪಣಿ ಬಾಗುವುದರಿಂದ ಅಣುಗಳು ಒತ್ತೊತ್ತಾಗಿ ಕೂಡಲಾರವು. ಆದ್ದರಿಂದ ಸ್ಟಿಯರಿಕ್ ಆಮ್ಲ ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಒಲಿಯಿಕ್ 13ರ ಆಸುಪಾಸಿನಲ್ಲಿ, ಲಿನೋಲಿಯಿಕ್ ಸೊನ್ನೆಗಿಂತ 5 ಡಿಗ್ರಿ ಕೆಳಗೇ ಕರಗುತ್ತದೆ. ದ್ವಿಬಂಧಗಳು ಹೆಚ್ಚಿದಷ್ಟೂ ಆಕ್ಸಿಜನ್ ಸುಲಭವಾಗಿ ದಾಳಿ ಮಾಡುತ್ತದೆ. ಎಣ್ಣೆ ಬೇಗ ಒಣಗುತ್ತದೆ, ಬೇಗ ಕಮಟು ಹಿಡಿಯುತ್ತದೆ. ಬಣ್ಣ ತಯಾರಿಸುವವರಿಗೆ ಇದು ಅನುಕೂಲ. ಕರಿಯಲು ಬಳಸುವವರಿಗೆ ಅನನುಕೂಲ.

ಬೀಜದಲ್ಲಿ ಒಲಿಯಿಕ್ ಆಮ್ಲವೇ ಲಿನೋಲಿಯಿಕ್ ಆಗಿ ಮಾರ್ಪಡುತ್ತದೆ. ಒಂದು ಕಿಣ್ವ ಸರಪಣಿಯಿಂದ ಎರಡು ಹೈಡ್ರೋಜನ್ ಪರಮಾಣುಗಳನ್ನು ತೆಗೆದು ಎರಡನೆಯ ದ್ವಿಬಂಧವನ್ನು ರಚಿಸುತ್ತದೆ. ಈ ಕಿಣ್ವವನ್ನು ತಯಾರಿಸುವ ಸೂಚನೆ ಇರುವುದು ವಂಶವಾಹಿಯಲ್ಲಿ. ಆದರೆ ಕಿಣ್ವದ ಕೆಲಸಕ್ಕೆ ಆಕ್ಸಿಜನ್ ಬೇಕು, ಮತ್ತು ಅದು ಉಷ್ಣತೆಗೆ ಸ್ಪಂದಿಸುತ್ತದೆ. ಹವೆ ಪ್ರವೇಶಿಸುವುದು ಇಲ್ಲಿಯೇ.

ಸೂರ್ಯಕಾಂತಿಯನ್ನು ಗಮನಿಸಿ. ಸೆಪ್ಟೆಂಬರ್‌ನಲ್ಲಿ ಬಿತ್ತಿದರೆ ಅದರ ಕಾಳು ತುಂಬುವುದು ಚಳಿಗಾಲದ ತಂಪು ರಾತ್ರಿಗಳಲ್ಲಿ. ನೀರಾವರಿ ಇದ್ದವರು ಜನವರಿಯಲ್ಲಿ ಬಿತ್ತಿದರೆ ಕಾಳು ತುಂಬುವ ಹೊತ್ತಿಗೆ ಬೇಸಿಗೆ. ಬೀಜ ಒಂದೇ ಚೀಲದ್ದಾದರೂ ಎಣ್ಣೆ ಒಂದೇ ಆಗಿರುವುದಿಲ್ಲ. ಸಾಮಾನ್ಯ ತಳಿಗಳಲ್ಲಿ ತಂಪಿನಲ್ಲಿ ತುಂಬಿದ ಕಾಳಿನ ಎಣ್ಣೆಯಲ್ಲಿ ಲಿನೋಲಿಯಿಕ್ ಶೇ. 70ರವರೆಗೂ ಇರಬಹುದು. ಸೆಕೆಯಲ್ಲಿ ಅದು ಶೇ. 50ಕ್ಕಿಂತ ಕೆಳಗಿಳಿದು, ಒಲಿಯಿಕ್ ಆ ಜಾಗ ತುಂಬುತ್ತದೆ. ಇದರಲ್ಲಿ ರಾತ್ರಿಯ ಉಷ್ಣತೆಯ ಪಾತ್ರ ದೊಡ್ಡದು. ಬಿಸಿಯಲ್ಲಿ ಕಿಣ್ವ ಬೇಗ ನಿಷ್ಕ್ರಿಯವಾಗುವುದು ಒಂದು ಕಾರಣ. ಬಿಸಿಯಾದ ನೀರಿನಲ್ಲಿ ಆಕ್ಸಿಜನ್ ಕಡಿಮೆ ಕರಗುವುದು ಇನ್ನೊಂದು: ಗಾಳಿಗೆ ತೆರೆದ ಒಂದು ಲೀಟರ್ ನೀರಿನಲ್ಲಿ 10 ಡಿಗ್ರಿಯಲ್ಲಿ ಸುಮಾರು 11 ಮಿಲಿಗ್ರಾಂ ಆಕ್ಸಿಜನ್ ಕರಗಿದರೆ, 30 ಡಿಗ್ರಿಯಲ್ಲಿ ಅದು ಏಳೂವರೆ ಮಿಲಿಗ್ರಾಂ ಮಾತ್ರ.

ಹಾಗಾದರೆ ಹವೆಯೇ ಎಲ್ಲವೇ? ಕುಸುಬಿ ಬೇರೆ ಕಥೆ ಹೇಳುತ್ತದೆ. ವಾಡಿಕೆಯ ಕುಸುಬಿ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್. 1957ರಲ್ಲಿ ಹೊರೊವಿಟ್ಜ್ ಮತ್ತು ವಿಂಟರ್ ಎಂಬ ವಿಜ್ಞಾನಿಗಳು ಅಯೊಡೀನ್ ಸಂಖ್ಯೆ ತೀರ ಕಡಿಮೆ ಇದ್ದ, ಅಂದರೆ ದ್ವಿಬಂಧಗಳು ಕಡಿಮೆ ಇದ್ದ ಕುಸುಬಿಯನ್ನು ವರದಿ ಮಾಡಿದರು. ಅದರಲ್ಲಿ ಮುಕ್ಕಾಲು ಪಾಲು ಒಲಿಯಿಕ್! ಆ ಬೀಜದ ಮೂಲ ಭಾರತ. ಕ್ಯಾಲಿಫೋರ್ನಿಯಾದಲ್ಲಿ ಪಾಲ್ಡೆನ್ ನೋಲ್ಸ್ ಈ ಗುಣವನ್ನು ಬಳಸಿ ಹೊಸ ತಳಿ ರೂಪಿಸಿದರು. ಇದಕ್ಕೆ ಕಾರಣ ಒಂದೇ ವಂಶವಾಹಿಯ ಬದಲಾವಣೆ ಎಂಬುದೂ ತಿಳಿದುಬಂತು. ಡಿಎನ್ಎಯ ಒಂದು ಅಕ್ಷರ ಬಿಟ್ಟುಹೋದದ್ದರಿಂದ ಬೀಜದಲ್ಲಿ ಆ ಕಿಣ್ವ ಸರಿಯಾಗಿ ತಯಾರಾಗುವುದಿಲ್ಲ.

ಸ್ವಾರಸ್ಯ ಇರುವುದು ಮುಂದೆ. ನೋಲ್ಸ್ ಅದೇ ವಂಶವಾಹಿಯ ಮೂರನೆಯ ರೂಪವನ್ನೂ ಗುರುತಿಸಿದರು. ಅದನ್ನು ಹೊತ್ತ ಗಿಡದಲ್ಲಿ ಎರಡೂ ಆಮ್ಲಗಳು ಹೆಚ್ಚುಕಡಿಮೆ ಸಮ. ಹವೆ ಬಿಸಿಯಾದರೆ ಒಲಿಯಿಕ್ ಮೇಲೇರುತ್ತದೆ, ತಂಪಾದರೆ ಲಿನೋಲಿಯಿಕ್. ಮೊದಲ ಎರಡು ರೂಪಗಳ ಗಿಡಗಳೋ ಉಷ್ಣತೆಗೆ ಅಷ್ಟಾಗಿ ಜಗ್ಗುವುದಿಲ್ಲ.

ಲೋಹದ ಸರಳುಗಳು ಕಾಯಿಸಿದಾಗ ಹಿಗ್ಗುವುದನ್ನು ನೀವು ಪಾಠ ಮಾಡಿದ್ದೀರಿ ಅಥವಾ ಕಲಿತಿದ್ದೀರಿ. ಅಷ್ಟೇ ಉಷ್ಣತೆಗೆ ತಾಮ್ರ ಎದ್ದು ಕಾಣುವಷ್ಟು ಹಿಗ್ಗುತ್ತದೆ; ಇನ್ವಾರ್ ಮಿಶ್ರಲೋಹ ಹಿಗ್ಗುವುದೇ ಇಲ್ಲ ಎನ್ನಬಹುದು. ಹಿಗ್ಗುವಿಕೆಯಲ್ಲಿ ಲೋಹದ ಪಾಲೆಷ್ಟು, ಶಾಖದ ಪಾಲೆಷ್ಟು ಎಂದು ಯಾರೂ ಕೇಳುವುದಿಲ್ಲ. ಶಾಖಕ್ಕೆ ಎಷ್ಟು ಸ್ಪಂದಿಸಬೇಕೆಂಬುದನ್ನು ಲೋಹದ ಹಿಗ್ಗುವಿಕೆಯ ಗುಣಾಂಕ ತಿಳಿಸುತ್ತದೆ. ವಂಶವಾಹಿಯೂ ಹಾಗೆಯೇ. ಅದು ಎಣ್ಣೆಯ ಗುಣವನ್ನಷ್ಟೇ ಅಲ್ಲ, ಹವೆಗೆ ಆ ಗುಣ ಎಷ್ಟು ಬಾಗಬೇಕೆಂಬುದನ್ನೂ ನಿರ್ಧರಿಸುತ್ತದೆ. ಆದ್ದರಿಂದ ಮೇಲಿನ ಶೀರ್ಷಿಕೆಯ ಪ್ರಶ್ನೆಗೆ ಎಲ್ಲ ತಳಿಗಳಿಗೂ ಒಪ್ಪುವ ಒಂದೇ ಉತ್ತರವಿಲ್ಲ.

ರೈತನಿಗೆ ಇದರಿಂದೇನು? ಪೇಟೆಯಲ್ಲಿ ಕಾಳಿಗೆ ಬೆಲೆ ಕಟ್ಟುವುದು ಸಾಮಾನ್ಯವಾಗಿ ತೂಕ, ತೇವಾಂಶ, ಕಸಕಡ್ಡಿ ನೋಡಿ. ಕೊಬ್ಬಿನಾಮ್ಲ ನೋಡಿ ಅಲ್ಲ. ಆದರೆ ಕರಿದ ತಿಂಡಿ ತಯಾರಿಸುವವರು ಕೆಡದ ಎಣ್ಣೆಯನ್ನು ಅರಸುತ್ತಾರೆ. ಋತು ಬದಲಾದರೂ ಗುಣ ಬದಲಾಗದ ತಳಿ ಇದ್ದರೆ ಮಾತ್ರ ರೈತ ಅವರಿಗೆ ಖಾತರಿ ಕೊಡಬಲ್ಲ. ಶೇಂಗಾದಲ್ಲಿ ಇಂಥ ಪ್ರಯತ್ನ ಫಲಿಸಿದೆ. ಎರಡು ವಂಶವಾಹಿಗಳ ಬದಲಾದ ರೂಪಗಳನ್ನು ಕೂಡಿಸಿ ಪಡೆದ, ಶೇ. 80ರಷ್ಟು ಒಲಿಯಿಕ್ ಇರುವ ಗಿರ್ನಾರ್-4 ಮತ್ತು ಗಿರ್ನಾರ್-5 ತಳಿಗಳು 2020ರಲ್ಲಿ ಬಿಡುಗಡೆಯಾದವು. ಆದರೆ ಯಾವ ತಳಿಯಾದರೂ ಕಾಳು ತುಂಬುವಾಗ ತೇವ ಕೊರತೆಯಾದರೆ ಕಾಳು ಜೊಳ್ಳಾಗುತ್ತದೆ, ಎಣ್ಣೆಯ ಇಳುವರಿ ಕುಗ್ಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಅಂಗಡಿಯ ಎಣ್ಣೆ ಬಾಟಲಿಗಳ ಮೇಲೆ ಮ್ಯೂಫಾ, ಪ್ಯೂಫಾ ಎಂಬ ಅಂಕಿಗಳಿರುತ್ತವೆ. ಮೊದಲನೆಯದು ಹೆಚ್ಚಾಗಿ ಒಲಿಯಿಕ್, ಎರಡನೆಯದು ಹೆಚ್ಚಾಗಿ ಲಿನೋಲಿಯಿಕ್. ಬೇರೆ ಬೇರೆ ಸೂರ್ಯಕಾಂತಿ ಎಣ್ಣೆಗಳ ಅಂಕಿಗಳನ್ನು ವಿದ್ಯಾರ್ಥಿಗಳಿಂದ ಪಟ್ಟಿ ಮಾಡಿಸಿ. ಅಂಕಿಗಳು ಬೇರೆಯಾಗಿದ್ದರೆ ಕಾರಣ ತಳಿಯೋ, ಋತುವೋ ಎಂದು ಕೇಳಿ. ಬಾಟಲಿ ನೋಡಿ ಅದನ್ನು ಹೇಳಲಾಗದು. ಎರಡು ತಳಿಗಳನ್ನು ಎರಡು ಋತುಗಳಲ್ಲಿ ಬೆಳೆದು ನೋಡಬೇಕು. ಆ ಪ್ರಯೋಗವನ್ನು ಹೇಗೆ ಮಾಡಬೇಕೆಂದು ಅವರೇ ಯೋಚಿಸಲಿ.